ಕೇಣಿಯ ಬಾವಿಯ ನೀರು ಹಳದಿಯಾಗದ ಸಂಜೆ

ಇದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಬಾವಿಗೂ ಸಂಡಾಸಿನ ಗುಂಡಿಗೂ ನಡುವೆ ಹತ್ತು ಹೆಜ್ಜೆ ಎಂದು ನನ್ನ ಡೈರಿಯಲ್ಲಿದೆ. ಆದರೆ ಆ ಪುಟ ಬರೆದದ್ದು ಸಿಟ್ಟಿನಲ್ಲಿ. ಸಿಟ್ಟಿನಲ್ಲಿ ಎಣಿಸಿದವರಿಗೆ ಹದಿನೈದು ಹೆಜ್ಜೆಯೂ ಹತ್ತೇ ಆಗುತ್ತದೆ. ವರ್ಷವೂ ಖಚಿತವಿಲ್ಲ. ಅಂಕೋಲೆಯ ಹತ್ತಿರದ ಕೇಣಿಯಲ್ಲಿ ಮೊಬೈಲ್ ಇದ್ದವರು ಸಿಗ್ನಲ್ ಹುಡುಕುತ್ತ ಸಮುದ್ರದ ದಂಡೆಗೆ ಹೋಗಿ ನಿಲ್ಲುತ್ತಿದ್ದ ಕಾಲ ಅದು, ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಮಳೆ ಮುಗಿದಿತ್ತು ಎಂಬುದು ಮಾತ್ರ ನಿಜ, ಏಕೆಂದರೆ ಬಾವಿಯ ನೀರಿನಲ್ಲಿ ಮಳೆ ತಂದ ಮಣ್ಣಿನ ಕೆಂಪು ಇನ್ನೂ ಇಳಿದಿರಲಿಲ್ಲ ಎಂದು ನಾನೇ ನನಗೆ ಸಮಾಧಾನ ಹೇಳಿಕೊಂಡದ್ದು ನೆನಪಿದೆ.

ನೆನಪಿನ ಹಂಗಿಲ್ಲದ ಒಂದು ಸಾಕ್ಷಿ ಇದೆ. ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ಇಟ್ಟುಕೊಂಡಿದ್ದ ನೋಟ್‌ಬುಕ್ಕಿನಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: "ನೀರು ತಿಳಿ ಕಂದು. ಸಂಜೆ ಐದಕ್ಕೆ ಟ್ಯೂಬು ಕದಡಿದೆ, ಹಳದಿ ಇಲ್ಲ." ಈ ಎರಡು ಸಾಲಿನ ಮೇಲೆ ನಾನೊಂದು ಕಾಗದ ಬರೆದುಕೊಟ್ಟೆ. ಆ ಕಾಗದವನ್ನು ನಂಬಿ ಒಂದು ಮಗು ನೀರು ಕುಡಿಯಿತು. ಇಷ್ಟು ವರ್ಷಗಳಾದರೂ ಇದನ್ನು ಬರೆಯುವಾಗ ಪೆನ್ನು ಒತ್ತಿ ಕಾಗದದ ಹಿಂಬದಿಯಲ್ಲಿ ಗೀರು ಮೂಡುತ್ತದೆ.

ಆಗ ನಾನು ಕಾರವಾರದ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕಿ. ಬಿಣಗಾದಲ್ಲಿ ಹೆದ್ದಾರಿಗೆ ಮುಖ ಮಾಡಿದ ಒಂದು ಬಾಡಿಗೆ ಕೋಣೆ, ಬೆಳಿಗ್ಗೆ ಏಳೂವರೆಯ ಬಸ್ಸು, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಡಬ್ಬಿ. ಬಿ.ಎಸ್ಸಿ. ಕೊನೆಯ ವರ್ಷದವರಿಗೆ ಪ್ರತಿ ವರ್ಷ ನಾನು ಕಲಿಸುತ್ತಿದ್ದ ಒಂದು ಪಾಠ ಬ್ಯಾಕ್ಟೀರಿಯಾ ಸಕ್ಕರೆಗಳನ್ನು ಹೇಗೆ ಆರಿಸಿಕೊಳ್ಳುತ್ತದೆ ಎಂಬುದು. ನಮ್ಮ ಕರುಳಿನಲ್ಲಿರುವ ಈ. ಕೋಲೈಗೆ ಗ್ಲುಕೋಸನ್ನೂ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನೂ ಒಟ್ಟಿಗೆ ಕೊಟ್ಟರೆ ಅದು ಗ್ಲುಕೋಸನ್ನೇ ಮೊದಲು ತಿನ್ನುತ್ತದೆ. ಲ್ಯಾಕ್ಟೋಸನ್ನು ಒಡೆಯುವ ಕಿಣ್ವವನ್ನು ತಯಾರಿಸುವ ಗೋಜಿಗೇ ಹೋಗುವುದಿಲ್ಲ.

"ಮನೆಯಲ್ಲಿ ಹಸಿ ಬಂಗಡೆ ಇರುವಾಗ ಒಣಮೀನಿನ ಡಬ್ಬಿ ಯಾರಾದರೂ ತೆಗೀತಾರಾ?" ಎಂದು ಕೇಳುತ್ತಿದ್ದೆ.

"ನಿಮ್ಮನೇಲಿ ತೆಗೀದೇ ಇರಬಹುದು ಮೇಡಂ, ನಮ್ಮನೇಲಿ ಎರಡೂ ಒಟ್ಟಿಗೇ ಬೇಕು" ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಅಂದಿದ್ದಳು. ತರಗತಿಯೆಲ್ಲ ನಕ್ಕಿತ್ತು. ನಾನೂ ನಕ್ಕಿದ್ದೆ.

ಆಮೇಲೆ ಹಲಗೆಯ ಮೇಲೆ ಬರೆಯುತ್ತಿದ್ದೆ. ಲ್ಯಾಕ್ಟೋಸ್ ಒಡೆಯುವ ಜೀನುಗಳ ಮುಂದೆ ಒಂದು ಪ್ರೋಟೀನು ಅಡ್ಡ ಕೂತಿರುತ್ತದೆ. ಲ್ಯಾಕ್ಟೋಸ್ ಒಳಗೆ ಬಂದರೆ ಅದರಿಂದಾದ ಒಂದು ಅಣು ಅಡ್ಡ ಕೂತದ್ದನ್ನು ಎಬ್ಬಿಸುತ್ತದೆ. ಅಷ್ಟಕ್ಕೇ ಕೆಲಸ ಶುರುವಾಗುವುದಿಲ್ಲ. ಗ್ಲುಕೋಸ್ ತೀರಿದಾಗ ಮಾತ್ರ ಜೀವಕೋಶದೊಳಗೆ ಹಸಿವಿನ ಸುದ್ದಿ ಹೇಳುವ ಇನ್ನೊಂದು ಅಣು ಹೆಚ್ಚುತ್ತದೆ. ಅದು ಬೇರೊಂದು ಪ್ರೋಟೀನನ್ನು ಜೊತೆ ಮಾಡಿಕೊಂಡು ಬಂದು ಜೀನಿನ ಬಾಗಿಲಲ್ಲಿ ನಿಲ್ಲಬೇಕು. ಆಗ ಜೀನುಗಳು ಜೋರಾಗಿ ಕೆಲಸ ಮಾಡುತ್ತವೆ. ಗ್ಲುಕೋಸ್ ಇರುವ ತನಕ ಲ್ಯಾಕ್ಟೋಸ್ ಒಳಗೆ ಬರುವ ದಾರಿಯೂ ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ. ಗ್ಲುಕೋಸ್ ಮುಗಿದು ಹೊಸ ಕಿಣ್ವ ತಯಾರಾಗುವವರೆಗೆ ಬೆಳವಣಿಗೆ ನಿಂತುಬಿಡುತ್ತದೆ. ಗ್ರಾಫಿನಲ್ಲಿ ಆ ಹೊತ್ತು ಒಂದು ಚಪ್ಪಟೆ ಗೆರೆ. "ಇದು ಸೋಮಾರಿತನ ಅಲ್ಲ, ಮಿತವ್ಯಯ" ಎಂದು ನಾನು ಹೇಳುತ್ತಿದ್ದೆ. ಆ ವಾಕ್ಯದ ಬಗ್ಗೆ ನನಗೆ ಹೆಮ್ಮೆಯಿತ್ತು.

ಅದೇ ಕಿಣ್ವವನ್ನು ಬಳಸಿ ನೀರು ಪರೀಕ್ಷಿಸುವ ಒಂದು ಬೇಗದ ವಿಧಾನವನ್ನೂ ನಾನು ಮಾಡಿಕೊಂಡಿದ್ದೆ. ಬ್ಯಾಕ್ಟೀರಿಯಾ ಬೆಳೆಸಲು ಮಾಡಿದ, ಲ್ಯಾಕ್ಟೋಸ್ ಇರುವ ಸಾರಕ್ಕೆ ನೀರು ಸೇರಿಸಿ, ಬಣ್ಣವಿಲ್ಲದ ಒಂದು ರಾಸಾಯನಿಕ ಹಾಕಿ ಬೆಚ್ಚಗೆ ಇಡುವುದು. ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಇದ್ದರೆ ಅವು ಲ್ಯಾಕ್ಟೋಸಿಗಾಗಿ ಕಿಣ್ವ ತಯಾರಿಸುತ್ತವೆ, ಆ ಕಿಣ್ವ ಈ ರಾಸಾಯನಿಕವನ್ನೂ ಒಡೆದು ಟ್ಯೂಬನ್ನು ಹಳದಿ ಮಾಡುತ್ತದೆ. ಪುಸ್ತಕದ ಪ್ರಕಾರ ಒಂದು ದಿನ, ಎರಡು ದಿನ ಕಾಯಬೇಕು. ನಾನು ಬೆಳಿಗ್ಗೆ ಎಂಟಕ್ಕೆ ಇಟ್ಟು ಸಂಜೆ ಐದಕ್ಕೆ ನೋಡುತ್ತಿದ್ದೆ, ಏಕೆಂದರೆ ಐದೂಕಾಲಿಗೆ ಅಟೆಂಡರ್ ಬೀಗ ಹಾಕುತ್ತಿದ್ದ. ಪೇಟೆಯ ಒಂದು ಚರಂಡಿಯ ನೀರು ಮೂರು ಗಂಟೆಗೇ ಹಳದಿಯಾಗಿತ್ತು. ಮಲ್ಲಾಪುರದ ಟೌನ್‌ಶಿಪ್ಪಿನಿಂದ ಬರುತ್ತಿದ್ದ ವಿದ್ಯಾರ್ಥಿನಿ ತಂದ ನಳದ ನೀರು ಐದಾದರೂ ತಿಳಿಯಾಗಿಯೇ ಇತ್ತು. ಇಷ್ಟು ಸಾಕು ಎಂದುಕೊಂಡೆ.

ಕೇಣಿಯಲ್ಲಿ ನನ್ನ ಅತ್ತೆಯ ಮನೆ. ಅಪ್ಪನ ಅಕ್ಕ ಆಕೆ, ಚಿಕ್ಕಂದಿನಲ್ಲಿ ನಾನು ಕೆಲವು ವರ್ಷ ಅಲ್ಲೇ ಇದ್ದೆ. ಮಾವನಿಗೆ ಅಂಕೋಲೆಯ ಒಂದು ಕಚೇರಿಯಲ್ಲಿ ನೌಕರಿ, ಜೊತೆಗೆ ಸ್ವಲ್ಪ ಗದ್ದೆ. ಅವರ ಹಿತ್ತಿಲಿನ ಬಾವಿಯಿಂದ ನೆರೆಮನೆಯವರೂ ನೀರು ಸೇದುತ್ತಿದ್ದರು. ಅದು ಮೀನುಗಾರರ ಮನೆ. ಮನೆಯ ಯಜಮಾನಿ ಐವತ್ತು ದಾಟಿದ ಹೆಂಗಸು, ದಿನಾ ಬುಟ್ಟಿ ಹೊತ್ತು ಅಂಕೋಲೆಯ ಪೇಟೆಗೆ ಮೀನು ಮಾರಲು ಹೋಗುವವಳು. ಮಗಳ ಮಗಳು, ಮೂರು ವರ್ಷದ್ದು, ಅಜ್ಜಿಯ ಹತ್ತಿರವೇ ಬೆಳೆಯುತ್ತಿತ್ತು.

ಆ ಬೇಸಿಗೆಯಲ್ಲಿ ಮಾವ ಸಂಡಾಸು ಕಟ್ಟಿಸಿದರು. ಗುಂಡಿಯನ್ನು ಹಿತ್ತಿಲಿನ ಆಚೆ ತುದಿಗೆ ತೋಡಬಹುದಿತ್ತು. ಅಲ್ಲಿ ಅವರ ಈಶಾಡ ಮಾವಿನ ಮರವಿತ್ತು. ಬೇರು ಕಡಿದರೆ ಮರ ಸೊರಗುತ್ತದೆ ಎಂದು ಗುಂಡಿ ಬಾವಿಯ ಕಡೆ ಬಂತು. ಮರಳು ನೆಲ, ಹತ್ತೋ ಹದಿನೈದೋ ಹೆಜ್ಜೆ. ಮಳೆಗಾಲದಲ್ಲಿ ನೆರೆಮನೆಯ ಮಗುವಿಗೆ ಎರಡು ಸಲ ವಾಂತಿಭೇದಿಯಾಯಿತು. ಅಜ್ಜಿ ಬಂದು, ಬಾವಿಯ ನೀರು ಸರಿಯಿಲ್ಲ, ಗುಂಡಿ ಮುಚ್ಚಿಸಿ ಎಂದಳು. ಮಾವ ಅದನ್ನು ನನಗೆ ಹೇಳಿದ ರೀತಿ ಅಕ್ಷರಶಃ ನೆನಪಿದೆ, ಅಥವಾ ನೆನಪಿದೆ ಎಂದು ನನಗೆ ಅನಿಸುತ್ತದೆ.

"ದಿನಾ ಮೀನಿನ ಬುಟ್ಟಿ ಹೊರೂವವಳಿಗೆ ನೀರು ವಾಸನೆ ಬರ್ತದಂತೆ! ಮೊದಲು ಮೂಗು ತೋರಿಸ್ಕೊಂಡು ಬಾ ಅಂದೆ."

ನೆರೆಮನೆಯಾಕೆ ಬೇಲಿಯ ಆಚೆಯಿಂದಲೇ ಕೇಳಿಸಿಕೊಂಡಿದ್ದಳು. "ಮೀನಿನ ವಾಸನೆ ಗೊತ್ತಿದ್ದವಳಿಗೇ ಬೇರೆ ವಾಸನೆ ಗೊತ್ತಾಗೂದು ಒಡೇರೇ" ಎಂದಳು. ನನ್ನ ಕಡೆ ತಿರುಗಿ, "ಅಕ್ಕೋರೇ, ನೀವು ಕಲ್ತವರು. ನೀವೇ ಒಂದು ಸಲ ಪರೀಕ್ಷೆ ಮಾಡಿ ಹೇಳಿ. ನೀವು ಸರಿ ಅದೆ ಅಂದ್ರೆ ನಾ ಬಾಯಿ ಮುಚ್ಕೊಂಡು ಕುಡೀತೆ" ಎಂದಳು.

ಮಾವನಿಗೆ ಇದು ಬೇಕಾಗಿಯೇ ಇತ್ತು. "ಹೌದು ತಂಗಿ, ನೀನೇ ಮಾಡು. ಮನೆಯ ಹುಡುಗಿ ಕಲ್ತದ್ದು ಒಮ್ಮೆಯಾದ್ರೂ ಉಪಯೋಗಕ್ಕೆ ಬರ್ಲಿ."

ಆ ದಿನ ನನ್ನಲ್ಲಿ ಬಾಟಲಿ ಇರಲಿಲ್ಲ. ವಾರದ ನಂತರ, ಕುದಿಸಿ ಸ್ವಚ್ಛ ಮಾಡಿದ ಒಂದು ಬಾಟಲಿಯನ್ನು ಕಾಗದದಲ್ಲಿ ಸುತ್ತಿ ಅಂಕೋಲೆಯ ಬಸ್ಸಿನಲ್ಲಿ ಕಳಿಸಿದೆ. ಬಾವಿಯ ನೀರು ತುಂಬಿ ಮರುದಿನದ ಮೊದಲ ಬಸ್ಸಿಗೆ ಕೊಡಿ ಎಂದು ಚೀಟಿ ಇಟ್ಟೆ. ನಾನೇ ಹೋಗಿ ತುಂಬಿಕೊಳ್ಳಬೇಕಿತ್ತು. ವಿದ್ಯಾರ್ಥಿಗಳು ಹೀಗೆ ಮಾಡಿದ್ದರೆ ಅಂಕ ಕಳೆಯುತ್ತಿದ್ದೆ. ಯಾವ ಬಸ್ಸಿಗೆ ಕೊಡಬೇಕು ಎಂದು ಬರೆದವಳು ಏತಕ್ಕೆ ಈ ನೀರು, ಅದನ್ನು ಯಾರೂ ಕುಡಿಯುವುದಿಲ್ಲ, ಅದಕ್ಕೆ ಬೇರೇನೂ ಸೇರಬಾರದು ಎಂದು ಬರೆಯಲಿಲ್ಲ. ಅತ್ತೆಗೆ ಅದೆಲ್ಲ ಯಾಕೆ ಎಂದುಕೊಂಡಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಬಾಟಲಿ ಬಂತು. ನೀರು ತುಸು ಕಂದು. ಮಳೆ ಕಳೆದ ಮೇಲೆ ನಮ್ಮ ಕಡೆಯ ಬಾವಿಗಳೆಲ್ಲ ಒಂದು ತಿಂಗಳು ಹಾಗೇ ಇರುತ್ತವೆ ಎಂದು ಮುಂದೆ ಹೋದೆ. ಸಂಜೆ ಐದಕ್ಕೆ ಟ್ಯೂಬು ಚೆನ್ನಾಗಿ ಕದಡಿತ್ತು. ಅಂದರೆ ಏನೋ ಬೆಳೆದಿತ್ತು. ಹಳದಿ ಮಾತ್ರ ಇರಲಿಲ್ಲ. ಮಣ್ಣಿನ ಯಾವುದೋ ನಿರುಪದ್ರವಿ ಬ್ಯಾಕ್ಟೀರಿಯಾ ಎಂದು ತೀರ್ಮಾನಿಸಿದೆ. ಅಟೆಂಡರ್ ಬಾಗಿಲಲ್ಲಿ ಬೀಗದ ಕೈ ಆಡಿಸುತ್ತಿದ್ದ. ಟ್ಯೂಬುಗಳನ್ನು ಕುದಿಸಿ ಚೆಲ್ಲಿಬಿಟ್ಟೆ.

ಆ ರವಿವಾರ ಕೇಣಿಗೆ ಹೋಗಿ ಒಂದು ಬಿಳಿ ಹಾಳೆಯ ಮೇಲೆ, "ಈ ಬಾವಿಯ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಕಂಡುಬಂದಿಲ್ಲ" ಎಂದು ಬರೆದು, ಸಹಿ ಮಾಡಿ, ಕೆಳಗೆ ಎಂ.ಎಸ್ಸಿ. ಎಂದು ಹಾಕಿದೆ. ಎಂ.ಎಸ್ಸಿ. ಎಂದು ಹಾಕೆಂದು ಮಾವ ಹೇಳಿದ್ದರೋ ನಾನೇ ಹಾಕಿದೆನೋ ಗೊತ್ತಿಲ್ಲ. ಮಾವ ಹೇಳಿದ್ದರು ಎಂದು ನೆನಪು ಹೇಳುತ್ತದೆ. ಈ ಒಂದು ವಿಷಯದಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ.

ಮಾವ ಅದನ್ನು ಅಂಕೋಲೆಗೆ ಒಯ್ದು ಲ್ಯಾಮಿನೇಷನ್ ಮಾಡಿಸಿದರು. ರಾಟೆಯ ಕಂಬಕ್ಕೆ ತಂತಿಯಿಂದ ಕಟ್ಟಿದರು. ನೆರೆಮನೆಯಾಕೆ ಕೊಟ್ಟ ಮಾತಿನಂತೆ ಬಾಯಿ ಮುಚ್ಚಿದಳು. ಕೊಡ ತುಂಬಿ ಒಯ್ದಳು.

ಮೂರು ವಾರವೋ ನಾಲ್ಕೋ ಕಳೆದು, ಕಾಲೇಜಿನ ಗೇಟಿನ ಹೊರಗೆ ಆಕೆ ನಿಂತಿದ್ದಳು. ಕೇಣಿಯ ಹೊರಗೆ ತಲೆಯ ಮೇಲೆ ಬುಟ್ಟಿ ಇಲ್ಲದೆ ಆಕೆಯನ್ನು ನೋಡಿದ್ದು ಅದೇ ಮೊದಲು, ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಮಗುವನ್ನು ಕಾರವಾರದ ಆಸ್ಪತ್ರೆಗೆ ಸೇರಿಸಿ ನಾಲ್ಕು ದಿನವಾಗಿತ್ತು. ಮೊದಲ ಎರಡು ದಿನ ಕಣ್ಣು ಬಿಟ್ಟಿರಲಿಲ್ಲವಂತೆ, ಕೈಯಲ್ಲಿ ನರ ಸಿಗದೆ ಕಾಲಿಗೆ ಸೂಜಿ ಚುಚ್ಚಿದ್ದರಂತೆ.

"ಅಕ್ಕೋರೇ, ಒಂದೇ ಒಂದು ಮಾತು ಕೇಳ್ತೆ" ಅಂದಳು. "ನಿಮ್ಮ ಕಾಗದ ಸುಳ್ಳೋ, ನನ್ನ ಮಗೀನ ಹೊಟ್ಟೆ ಸುಳ್ಳೋ?"

ನಾನು ಏನು ಉತ್ತರಿಸಿದೆನೋ ಡೈರಿಯಲ್ಲಿ ಇಲ್ಲ. ಪರೀಕ್ಷೆಯಲ್ಲಿ ಬಂದದ್ದನ್ನೇ ಬರೆದಿದ್ದೇನೆ ಎಂದಿರಬೇಕು. ಆಕೆ ನನ್ನ ಮುಖವನ್ನೇ ನೋಡಿದಳು. "ಹಾಂಗಾದ್ರೆ ಪರೀಕ್ಷೆಗೇ ಹೇಳಿ, ಬಂದು ನನ್ನ ಮಗೀನ ಹತ್ರ ಕೂತ್ಕೊಳ್ಳಿ ಅಂತ" ಎಂದು ಹೊರಟುಹೋದಳು. ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಮೊದಲು ಆಕೆಯ ಮೇಲೆಯೇ ಬಂತು. ನನ್ನ ಓದಿನ ಮೇಲೆ ಅನುಮಾನ ಪಟ್ಟಳಲ್ಲ ಎಂದು. ಆ ಸಿಟ್ಟು ಬಿಣಗಾದ ಬಸ್ ಸ್ಟಾಪಿನವರೆಗೂ ನನ್ನ ಜೊತೆಗಿತ್ತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮರುದಿನ ರಜೆ ಹಾಕಿ, ನಾನೇ ಬಾಟಲಿ ಒಯ್ದು, ನಾನೇ ಸೇದಿ ತುಂಬಿಕೊಂಡು ಬಂದೆ. ಅದರ ಮರುದಿನ ಬೆಳಿಗ್ಗೆ ಎಂಟಕ್ಕೆ ಇಟ್ಟೆ. ಮಧ್ಯಾಹ್ನ ಮೂರೂವರೆಗೆ ಟ್ಯೂಬು ಹಳದಿ. ನಾಲ್ಕಕ್ಕೆ ಅರಿಶಿನದ ನೀರಿನಂತೆ ಹಳದಿ. ಅದೇ ಬಾವಿ, ಅದೇ ಸಾರ, ಅದೇ ರಾಸಾಯನಿಕ. ಹಿಂದಿನ ಪುಟ ತಿರುಗಿಸಿ ನೋಡಿದೆ. ತಿಳಿ ಕಂದು ಎಂದು ಬರೆದಿದ್ದೆ. ಈಗ ನಾನು ತಂದ ನೀರಿನಲ್ಲಿ ಕಂದು ಇರಲಿಲ್ಲ. ಮಳೆ ಮುಗಿದು ಕೆಂಪು ಇಳಿದಿರಬಹುದು. ಇಳಿಯದೆಯೂ ಇರಬಹುದು. ಆ ಬಾಟಲಿಗೆ ಏನಾಯಿತು ಎಂದು ತುಂಬಿದವರನ್ನೇ ಕೇಳಲು ಮತ್ತೆ ಕೇಣಿಗೆ ಹೋದೆ.

ಅತ್ತೆ ಅಡುಗೆಮನೆಯಲ್ಲಿ ಈಳಿಗೆಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದರು. ನಾನು ಕೇಳಿದ್ದಕ್ಕೆ ಯಾವ ಅಳುಕೂ ಇಲ್ಲದೆ ಹೇಳಿದರು:

"ಬೆಲ್ಲ ಹಾಕಿದ್ನಲ್ಲೆ."

"ಬೆಲ್ಲ?"

"ಮತ್ತೆ? ಕಾಲೇಜಿನ ಮಾಸ್ತರ್‌ಗಳು ರುಚಿ ನೋಡೂ ನೀರು. ಬರೀ ನೀರು ಹ್ಯಾಂಗೆ ಕಳಿಸೂದು? ನಮ್ಮನೆಯ ಮರ್ಯಾದೆ ಎಂತ ಆಗಬೇಕು? ಒಂದು ನೆಲ್ಲಿಕಾಯಿಯಷ್ಟು ಹಾಕಿ ಕರಗಿಸ್ದೆ. ಹೆಚ್ಚು ಹಾಕ್ಲಿಲ್ಲ ಮಾರಾಯ್ತಿ."

ನಮ್ಮ ಕಡೆ ಮನೆಗೆ ಬಂದವರಿಗೆ ಒಂದು ತುಂಡು ಬೆಲ್ಲ ಇಡದೆ ನೀರು ಕೊಡುವುದಿಲ್ಲ. ಬಿಸಿಲಲ್ಲಿ ಬಂದ ಅಂಚೆಯವನಿಗೂ ಅತ್ತೆ ಬೆಲ್ಲ ಇಟ್ಟೇ ಕೊಡುತ್ತಾರೆ. ಬಸ್ಸಿನಲ್ಲಿ ಹೋಗುವ ನೀರಿಗೆ ತಟ್ಟೆಯಲ್ಲಿ ಬೆಲ್ಲ ಇಡಲಾಗುವುದಿಲ್ಲವಲ್ಲ, ಅದಕ್ಕೆ ಒಳಗೇ ಹಾಕಿದ್ದರು. ನನಗೆ ಕೂಗಬೇಕು ಅನ್ನಿಸಿತು. ಯಾರ ಮೇಲೆ ಕೂಗುವುದು? ಚೀಟಿಯಲ್ಲಿ ಎರಡು ಸಾಲು ಹೆಚ್ಚು ಬರೆಯದವಳು ನಾನು.

ಕಾಲೇಜಿಗೆ ಹಿಂದಿರುಗಿ, ಉಳಿದಿದ್ದ ಬಾವಿಯ ನೀರಿಗೆ ಅಷ್ಟೇ ಬೆಲ್ಲ ಕರಗಿಸಿ ಮತ್ತೆ ಇಟ್ಟೆ. ಪಕ್ಕದಲ್ಲಿ ಬೆಲ್ಲವಿಲ್ಲದ್ದು. ಸಂಜೆ ಐದಕ್ಕೆ ಬೆಲ್ಲವಿಲ್ಲದ್ದು ಹಳದಿ. ಬೆಲ್ಲದ್ದು ಕದಡಿತ್ತು, ಹಳದಿ ಇಲ್ಲ. ನೋಟ್‌ಬುಕ್ಕಿನ ಆ ಹಳೆಯ ಸಾಲೇ ಎದುರಿಗೆ ಬಂದು ನಿಂತಂತೆ. ಅಟೆಂಡರನಿಗೆ ಬೀಗ ಹಾಕು, ಟ್ಯೂಬು ಒಳಗೇ ಇರಲಿ ಎಂದೆ. ಬೆಳಿಗ್ಗೆ ಬಂದು ನೋಡಿದರೆ ಅದೂ ಹಳದಿಯಾಗಿತ್ತು.

ಬೆಲ್ಲದಲ್ಲಿ ಸ್ವಲ್ಪ ಗ್ಲುಕೋಸ್ ಇದ್ದೇ ಇರುತ್ತದೆ. ಬಾವಿಯ ಬ್ಯಾಕ್ಟೀರಿಯಾ ಹಗಲೆಲ್ಲ ಅದನ್ನು ತಿಂದು ಹೆಚ್ಚಿವೆ. ಟ್ಯೂಬು ಕದಡಿದ್ದು ಅದಕ್ಕೇ. ಗ್ಲುಕೋಸ್ ಇದ್ದಷ್ಟು ಹೊತ್ತು ಲ್ಯಾಕ್ಟೋಸಿನ ಜೀನುಗಳು ಕೆಲಸಕ್ಕೆ ಬಂದಿಲ್ಲ, ಕಿಣ್ವ ಇಲ್ಲ, ಹಳದಿ ಇಲ್ಲ. ನಾನು ಬೀಗ ಹಾಕಿಸಿಕೊಂಡು ಹೋದ ಮೇಲೆ ಗ್ಲುಕೋಸ್ ತೀರಿದೆ, ಕಿಣ್ವ ತಯಾರಾಗಿದೆ. ಮೊದಲ ಸಲವೂ ಹಾಗೇ ಆಗುತ್ತಿತ್ತು, ಟ್ಯೂಬನ್ನು ಚೆಲ್ಲದಿದ್ದರೆ. ಆ ಚಪ್ಪಟೆ ಗೆರೆಯನ್ನು ನಾನು ಮೂರು ವರ್ಷ ಹಲಗೆಯ ಮೇಲೆ ಎಳೆದಿದ್ದೆ. ಗೆರೆ ಎದುರಿಗೇ ಇದ್ದಾಗ ಅದನ್ನು ಶುದ್ಧ ನೀರು ಎಂದು ಓದಿದೆ. ಬ್ಯಾಕ್ಟೀರಿಯಾ ತನ್ನ ನಿಯಮವನ್ನು ಎಳ್ಳಷ್ಟೂ ಮೀರಿರಲಿಲ್ಲ. ಮಿತವ್ಯಯ ಎಂದು ಹೇಳಿ ಹೆಮ್ಮೆ ಪಡುತ್ತಿದ್ದ ಬಾಯಿಗೆ ಬಡಿದುಕೊಳ್ಳಬೇಕು ಅನ್ನಿಸಿತು.

ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಇದೆ, ಮೊದಲ ಪರೀಕ್ಷೆ ಬೆಲ್ಲದಿಂದ ತಪ್ಪಿತ್ತು ಎಂದು ಹೊಸ ಕಾಗದ ಬರೆದೆ. ಈ ಸಲ ಎರಡು ಪ್ರತಿ. ಒಂದನ್ನು ಆಸ್ಪತ್ರೆಯಲ್ಲಿ ನೆರೆಮನೆಯಾಕೆಯ ಕೈಗೆ ಕೊಟ್ಟು, ಓದಿ ಹೇಳಿ, ತಪ್ಪು ನನ್ನದು ಎಂದೆ. ಆಕೆ ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಿಮ್ಮದು ಒಬ್ಬರದ್ದೇ ಅಲ್ಲ" ಎಂದಷ್ಟೇ ಅಂದಳು. ಮಗು ಗೋಡೆಯ ಕಡೆ ಮುಖ ಮಾಡಿ ಮಲಗಿತ್ತು. ಕಾಲು ಕಡ್ಡಿಯಂತಾಗಿತ್ತು. ಮುಂದಿನ ವಾರ ಮನೆಗೆ ಹೋಯಿತು. ಬದುಕಿಕೊಂಡಿತು.

ಇನ್ನೊಂದು ಪ್ರತಿಯನ್ನು ಮಾವನಿಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿ, ಮೇಜಿನ ಮೇಲೆ ಕವುಚಿ ಇಟ್ಟರು.

"ಹಂಗಂದ್ರೆ ಬೆಲ್ಲ ಹಾಕಿದ್ದು ನಿಮ್ಮತ್ತೆ. ಬರೆದು ಕೊಟ್ಟದ್ದು ನೀನು. ನಾ ಎಂತ ಮಾಡಿದೆ ಹೇಳು ನೋಡುವಾ?"

"ಗುಂಡಿ ತೋಡಿದ್ರಿ."

"ಗುಂಡಿ ತೋಡೂದು ಅಪರಾಧವಾ? ನಿನ್ನ ಆ ಹುಳಕ್ಕೂ ನಿಂಗೂ ಎಂತ ವ್ಯತ್ಯಾಸ? ಅದು ಸಿಹಿ ಕೊಟ್ರೆ ಸುಮ್ನೆ ಇರ್ತದೆ ಅಂತಿ. ಈ ಮನೇಲಿ ನೀ ಎಷ್ಟು ವರ್ಷ ಉಂಡಿದ್ದಿ, ಅದಾದ್ರೂ ನೆನಪದ್ಯಾ?"

ನಾನು ಹಿತ್ತಿಲಿಗಿಳಿದು ಬಾವಿಗೆ ಹೋದೆ. ಲ್ಯಾಮಿನೇಷನ್ ಮಾಡಿದ್ದು ಹರಿಯುವುದಿಲ್ಲ. ಕೈಯಲ್ಲಿ ಎಳೆದೆ, ಮಡಚಿದೆ, ಹಲ್ಲಿನಿಂದಲೂ ಕಚ್ಚಿದೆ. ಕೊನೆಗೆ ತಂತಿ ಬಿಚ್ಚಿ, ಬಚ್ಚಲ ಒಲೆಗೆ ಹಾಕಿದೆ. ಕೆಟ್ಟ ವಾಸನೆ ಬಂತು. ಮಾವ ಕಟ್ಟೆಯ ಮೇಲೆ ನಿಂತು ನೋಡಿದರು, ತಡೆಯಲಿಲ್ಲ. ಆಮೇಲೆ ನಾಲ್ಕು ವರ್ಷ ನನ್ನೊಡನೆ ಮಾತಾಡಲಿಲ್ಲ. ಗುಂಡಿಯನ್ನು ಮುಂದಿನ ಮಳೆಗೆ ಮೊದಲು ಮುಚ್ಚಿಸಿದರು. ನೆರೆಮನೆಯಾಕೆ ಆ ಎರಡನೆಯ ಕಾಗದ ಹಿಡಿದು ಪಂಚಾಯತಿಗೆ ಮೂರು ಸಲ ಹೋಗಿದ್ದಳು ಎಂಬುದು ನಂತರ ತಿಳಿಯಿತು.

ಇಲ್ಲಿಗೆ ಮುಗಿದಿದ್ದರೆ ನನ್ನ ಸಿಟ್ಟು ನನ್ನ ಮೇಲೆಯೇ ಉಳಿಯುತ್ತಿತ್ತು, ಅದನ್ನು ಹೊತ್ತುಕೊಂಡಿರಬಹುದಿತ್ತು. ಆದರೆ ಒಂದು ಶನಿವಾರ ಅಂಕೋಲೆಯ ಮೀನುಪೇಟೆಯಲ್ಲಿ ನೆರೆಮನೆಯಾಕೆ ಸಿಕ್ಕಳು. ಮಗು ಅಂಗನವಾಡಿಗೆ ಹೋಗುತ್ತಿದೆ ಎಂದಳು. ಮಾತಿನ ನಡುವೆ, ಏನೂ ವಿಶೇಷವಿಲ್ಲವೆಂಬಂತೆ ಅಂದಳು: "ಈಗ ನಾವೂ ಶಾಲೆಯ ಹತ್ರದ ನಳಕ್ಕೇ ಹೋಗ್ತೇವೆ. ನಿಮ್ಮತ್ತೆ ಆ ಮಳೆಗಾಲದಲ್ಲೇ ಹೋಗ್ತಿದ್ರಲ್ಲ, ದಿನಾ ಬೆಳಿಗ್ಗೆ ಎರಡು ಕೊಡ. ಬಾವಿ ನೀರಲ್ಲಿ ಬೇಳೆ ಬೇಯೂದಿಲ್ಲ ಅಂತಿದ್ರು. ನಾವು ನಂಬಿದ್ವು."

ಬೇಳೆ ಬೇಯದ ಬಾವಿಗಳು ನಮ್ಮ ಕಡೆ ಇವೆ, ಸಮುದ್ರದ ಹತ್ತಿರ ಉಪ್ಪು ಸೇರುತ್ತದೆ. ಹಾಗಾಗಿ ಅದು ನಿಜವಿರಬಹುದು. ಆದರೆ ನಾನು ಚಿಕ್ಕವಳಿದ್ದಾಗ ಅದೇ ಬಾವಿಯ ನೀರಿನಲ್ಲಿ ಬೇಯಿಸಿದ ಬೇಳೆಯನ್ನೇ ಉಂಡಿದ್ದೇನೆ. ಉಂಡಿದ್ದೇನೆಯೇ? ಆಗ ಸಾರಿಗೆ ನೀರು ಎಲ್ಲಿಂದ ಬರುತ್ತಿತ್ತು ಎಂದು ಮಕ್ಕಳು ನೋಡುತ್ತಾರೆಯೇ? ಇದೊಂದು ಕಡೆ ನೆನಪು ನನಗೆ ಬೇಕಿತ್ತು, ಇಲ್ಲಿಯೇ ಅದು ಕೈಕೊಟ್ಟಿದೆ.

ಮೀನು ತೆಗೆದುಕೊಳ್ಳದೆ ಅಲ್ಲಿಂದಲೇ ಕೇಣಿಗೆ ಹೋದೆ. ಮಾವ ಇರಲಿಲ್ಲ. ಅತ್ತೆ ಹಿತ್ತಿಲ ಬಾಗಿಲಲ್ಲಿ ಕೂತು ಬಸಳೆ ಸೋಸುತ್ತಿದ್ದರು. ನಾನು ಕೂರದೆ ಕೇಳಿದೆ. ಅವರು ಎಲೆಯಿಂದ ಕಣ್ಣು ಎತ್ತಲಿಲ್ಲ. ಒಂದು ದಂಟು ಮುರಿದರು, ಅದರ ನಾರು ಎಳೆದರು, ಇನ್ನೊಂದನ್ನು ಎತ್ತಿಕೊಂಡರು. ಅದಾದ ಮೇಲೆ ಎಷ್ಟೋ ಸಲ ಆ ಮನೆಗೆ ಹೋಗಿದ್ದೇನೆ, ಅತ್ತೆಯ ಕಾಲು ಒತ್ತಿದ್ದೇನೆ, ಅವರಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾದಾಗ ಪಕ್ಕದಲ್ಲಿ ಕೂತಿದ್ದೇನೆ. ಉತ್ತರ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತೆ, ಗುಂಡಿ ತೋಡಿದ ಮೇಲೆ ಆ ಬಾವಿಯ ನೀರನ್ನ ನೀವು ಒಂದು ದಿನವಾದ್ರೂ ಕುಡಿದಿದ್ರಾ?"